ಮೇಜಿನ ಕೆಳಗಿನ ಬಾಂಬು, ಸೈಕಲ್ ಮೇಲಿನ ಡಬ್ಬ

ಸಿನಿಮಾ ಅಂದ್ರೆ ನಮಗೆ ಮೊದಮೊದಲು ಭಾರ. ತಗಡಿನ ಡಬ್ಬ, ಡಬ್ಬದೊಳಗೆ ಸುತ್ತಿಟ್ಟ ರೀಲು. ನಮ್ಮ ಕಡೆ ನಾಲ್ಕು ಮೈಲಿ ಅಂತರದಲ್ಲಿ ಎರಡು ಟೂರಿಂಗ್ ಟಾಕೀಸುಗಳಿದ್ದವು. ಎರಡಕ್ಕೂ ಸೇರಿ ಬರ್ತಿದ್ದದ್ದು ಒಂದೇ ಪ್ರಿಂಟು. ಈ ಟೆಂಟಿನಲ್ಲಿ ಒಂದೆರಡು ರೀಲು ಓಡಿ ಮುಗಿದ ಕೂಡಲೇ ಡಬ್ಬಕ್ಕೆ ತುಂಬಿ, ಸೈಕಲ್ ಕ್ಯಾರಿಯರಿಗೆ ಬಿಗಿದು, ಆ ಟೆಂಟಿಗೆ ಮುಟ್ಟಿಸಬೇಕು. ವಾಪಸ್ ತುಳಕೊಂಡು ಬಂದು ಮುಂದಿನ ರೀಲು ಒಯ್ಯಬೇಕು. ಈ ಕೆಲಸಕ್ಕೆ ಕೇರಿಯ ಹುಡುಗರು ನಾವು ಮೂವರು. ಕೂಲಿ ಅಂತ ದಿನಕ್ಕೆ ಒಂದು ರೂಪಾಯಿ, ಜೊತೆಗೆ ನೆಲದ ಮೇಲೆ ಕೂತು ಪುಕ್ಕಟೆ ನೋಡೋ ಹಕ್ಕು. ಹಕ್ಕು ಅಂದ್ವಲ್ಲ, ಆಗ ನಮಗಿದ್ದ ನಾಲ್ಕಾರು ಹಕ್ಕುಗಳಲ್ಲಿ ಅದೂ ಒಂದು.

ಇದರಿಂದ ಒಂದು ವಿಚಿತ್ರ ನಡೀತಿತ್ತು. ಈ ಟೆಂಟಿನಲ್ಲಿ ಖಳನಾಯಕ ಬಾಗಿಲ ಹಿಂದೆ ಚಾಕು ಹಿಡಿದು ನಿಂತದ್ದನ್ನ ನೋಡಿಕೊಂಡೇ ನಾವು ಡಬ್ಬ ಹೊರ್ತಿದ್ವಿ. ಆ ಟೆಂಟಿಗೆ ಹೋದಾಗ ಅಲ್ಲಿಯ ಜನ ಇನ್ನೂ ಹಿಂದಿನ ರೀಲಿನ ಹಾಡು ಕೇಳ್ತಾ, ಕಡ್ಲೆಕಾಯಿ ಬಿಡಿಸ್ತಾ ನಗ್ತಿರ್ತಿದ್ರು. ಅವರಿಗೆ ಗೊತ್ತಿಲ್ಲ, ನಮಗೆ ಗೊತ್ತು. ಅವರು ನಕ್ಕಷ್ಟೂ ನಮ್ಮ ಹೊಟ್ಟೆಯೊಳಗೆ ಯಾರೋ ಹಗ್ಗ ಹುರಿ ಮಾಡಿದ ಹಾಗೆ ಆಗ್ತಿತ್ತು. ಈ ಸಂಕಟಕ್ಕೆ ಒಂದು ಹೆಸರಿದೆ, ಇದನ್ನೇ ಕಸುಬು ಮಾಡಿಕೊಂಡು ಒಬ್ಬ ಮನುಷ್ಯ ಲೋಕವನ್ನೆಲ್ಲ ಹೆದರಿಸಿದ ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಹಾಸ್ಟೆಲ್ ಸೇರಿ, ಜಿಲ್ಲಾ ಕೇಂದ್ರದ ಒಂದು ಫಿಲಂ ಸೊಸೈಟಿಯ ಕತ್ತಲಲ್ಲಿ, ಹದಿನಾರು ಎಂ.ಎಂ. ಪ್ರೊಜೆಕ್ಟರಿನ ಕಟಕಟ ಸದ್ದಿನ ಪಕ್ಕ ಕೂತಾಗ. ಆ ಮನುಷ್ಯ ಆಲ್ಫ್ರೆಡ್ ಹಿಚ್‌ಕಾಕ್.

ಫ್ರಾನ್ಸಿನ ನಿರ್ದೇಶಕ ತ್ರೂಫೊ 1962ರಲ್ಲಿ ಅವನನ್ನ ದಿನಗಟ್ಟಲೆ ಕೂರಿಸಿಕೊಂಡು ಮಾತಾಡಿಸಿದ. ಅದು 1966ರಲ್ಲಿ ಪುಸ್ತಕವಾಯಿತು. ಅದರಲ್ಲಿ ಹಿಚ್‌ಕಾಕ್ ಒಂದು ಉದಾಹರಣೆ ಕೊಡ್ತಾನೆ. ಮೇಜಿನ ಸುತ್ತ ಜನ ಕೂತು ಏನೋ ಹರಟೆ ಹೊಡೀತಿದ್ದಾರೆ. ಮೇಜಿನ ಕೆಳಗೆ ಬಾಂಬು ಇದೆ. ನೋಡುವವರಿಗೆ ಅದು ಗೊತ್ತಿಲ್ಲದೆ ಬಾಂಬು ಸಿಡಿದರೆ ಅವರು ಬೆಚ್ಚಿ ಬೀಳೋದು ಹದಿನೈದು ಸೆಕೆಂಡು. ಅದೇ ಬಾಂಬನ್ನ ಮೊದಲೇ ತೋರಿಸಿ, ಗಡಿಯಾರ ತೋರಿಸಿ, ಆಮೇಲೆ ಅದೇ ಹರಟೆ ಮುಂದುವರಿಸಿದರೆ? ಹದಿನೈದು ನಿಮಿಷ ಜನ ಕುರ್ಚಿಯ ತುದಿಯಲ್ಲಿ ಕೂತು, ಎದ್ದೇಳ್ರೋ, ಕೆಳಗೆ ನೋಡ್ರೋ ಅಂತ ಒಳಗೊಳಗೇ ಕೂಗ್ತಾರೆ. ಗುಟ್ಟನ್ನ ಬಚ್ಚಿಡೋದರಿಂದ ಭಯ ಹುಟ್ಟುತ್ತೆ ಅಂತ ಎಲ್ಲರೂ ಅಂದುಕೊಂಡಿದ್ದಾಗ ಈ ದಡೂತಿ ಆಸಾಮಿ, ಗುಟ್ಟನ್ನ ಹೇಳಿಬಿಡಿ, ಭಯ ಬೆಳೆಯುತ್ತೆ ಅಂದ. ರೀಲು ಹೊತ್ತ ನಮಗೆ ಇದನ್ನ ಯಾರೂ ವಿವರಿಸಬೇಕಾಗಿರಲಿಲ್ಲ.

'ಸೈಕೋ' (1960) ಎಲ್ಲರಿಗೂ ಗೊತ್ತು. ಸ್ನಾನದಮನೆ, ಚಾಕು, ಪಿಟೀಲಿನ ಕಿರುಚಾಟ. ಅದು ಇಲ್ಲಿ ಬೇಡ. ಅವನು 1939ರಲ್ಲಿ ಅಮೆರಿಕಕ್ಕೆ ಹೋಗೋದಕ್ಕೆ ಮುಂಚೆ ಲಂಡನ್ನಿನಲ್ಲಿ ಏನು ಮಾಡಿಕೊಂಡಿದ್ದ ಅನ್ನೋದೇ ನಮ್ಮನ್ನ ಹಿಡಿದು ಕೂರಿಸಿದ್ದು.

ಅವನು ತರಕಾರಿ ಅಂಗಡಿಯವನ ಮಗ. ಹುಟ್ಟಿದ್ದು 1899ರ ಆಗಸ್ಟ್ 13, ಲಂಡನ್ನಿನ ಪೂರ್ವಕ್ಕಿರೋ ಲೇಟನ್‌ಸ್ಟೋನ್‌ನಲ್ಲಿ. ಮೂರು ಮಕ್ಕಳಲ್ಲಿ ಕೊನೆಯವನು. ಪ್ರಾಟೆಸ್ಟೆಂಟರ ದೇಶದಲ್ಲಿ ಕ್ಯಾಥೊಲಿಕ್ ಮನೆ. ಓದಿದ್ದು ಜೆಸ್ವಿಟ್ ಪಾದ್ರಿಗಳ ಶಾಲೆಯಲ್ಲಿ. ಅಲ್ಲಿ ತಪ್ಪು ಮಾಡಿದವನಿಗೆ ಏಟು ಕೂಡಲೇ ಬೀಳ್ತಿರಲಿಲ್ಲವಂತೆ. ದಿನವಿಡೀ ಕಾದು, ಸಾಯಂಕಾಲ ಹೋಗಿ ಕೈ ಒಡ್ಡಬೇಕು. ಬೆಳಿಗ್ಗೆ ಗೊತ್ತಾದ ಏಟು ಸಂಜೆಗೆ ಬೀಳೋ ತನಕ ಪಾಠ ತಲೆಗೆ ಹತ್ತುತ್ತಾ? ಮೇಷ್ಟ್ರ ಕೆಲಸ ಮಾಡೋ ಗೆಳೆಯರು ಇದನ್ನ ಓದ್ತಿದ್ದರೆ ಒಂದು ಗಳಿಗೆ ಯೋಚಿಸಲಿ.

ಇನ್ನೊಂದು ಕತೆಯನ್ನ ಅವನು ಬದುಕಿರೋ ತನಕ ಹೇಳಿಕೊಂಡು ತಿರುಗಿದ. ನಾಲ್ಕೈದು ವರ್ಷದವನಿದ್ದಾಗ ಏನೋ ತಂಟೆ ಮಾಡಿದ್ದಕ್ಕೆ ಅಪ್ಪ ಒಂದು ಚೀಟಿ ಬರೆದುಕೊಟ್ಟು ಪೊಲೀಸ್ ಠಾಣೆಗೆ ಕಳಿಸಿದ. ಠಾಣೆಯವನು ಚೀಟಿ ಓದಿ, ಹುಡುಗನನ್ನ ಲಾಕಪ್ಪಿಗೆ ತಳ್ಳಿ ಐದೋ ಹತ್ತೋ ನಿಮಿಷ ಬೀಗ ಹಾಕಿದ. ತುಂಟ ಹುಡುಗರಿಗೆ ನಾವು ಮಾಡೋದು ಹೀಗೇ ಅಂದ. ನಡೆದದ್ದೋ, ಕಟ್ಟಿದ್ದೋ, ಅವನೇ ಬಲ್ಲ. ಆದರೆ ಆ ಐದು ನಿಮಿಷವನ್ನ ಅವನು 1980ರಲ್ಲಿ, ಎಂಬತ್ತನೇ ವಯಸ್ಸಿನಲ್ಲಿ ಸಾಯೋ ತನಕ ಮರೀಲಿಲ್ಲ. ಅವನ ಚಿತ್ರಗಳಲ್ಲಿ ಮತ್ತೆ ಮತ್ತೆ ಬರೋದು ಒಬ್ಬನೇ ಮನುಷ್ಯ: ಮಾಡದ ತಪ್ಪಿಗೆ ಓಡ್ತಿರೋವನು. ಹಿಂದೆ ಪೊಲೀಸರು, ಮುಂದೆ ನಿಜವಾದ ಕೊಲೆಗಾರ, ನಡುವೆ ಕೈಗೆ ಬೇಡಿ.

ಸೊಸೈಟಿಯಲ್ಲಿ ಈ ಕತೆ ಕೇಳಿ ಎಲ್ಲರೂ ನಕ್ಕರು. ನಾವೂ ನಗೋಕೆ ನೋಡಿದ್ವಿ, ಆಗಲಿಲ್ಲ. ಯಾಕಂದ್ರೆ ನಮ್ಮ ಮೂವರಲ್ಲಿ ಒಬ್ಬನನ್ನ ಠಾಣೆಯಲ್ಲಿ ಕೂರಿಸಿದ್ದರು. ಅದೊಂದು ಮಳೆಯ ರಾತ್ರಿ. ರೀಲು ಮುಟ್ಟಿದ್ದು ಒಂದು ಗಂಟೆ ತಡ. ಆ ಟೆಂಟಿನಲ್ಲಿ ಜನ ಗಲಾಟೆ ಎಬ್ಬಿಸಿ ಕುರ್ಚಿ ಮುರಿದಿದ್ದರು. ಈ ಟೆಂಟಿನಲ್ಲಿ ಟಿಕೀಟಿನ ದುಡ್ಡಿನ ಚೀಲ ಕಾಣೆಯಾಗಿತ್ತು. ಎರಡನ್ನೂ ಗಂಟು ಹಾಕಿದರು. ರೀಲು ತಡವಾದದ್ದು ಯಾಕೆ? ದುಡ್ಡು ಬಚ್ಚಿಡೋಕೆ ಹೋಗಿದ್ದ, ಅದಕ್ಕೇ. "ಎಲ್ಲಿಗ್ಲಾ ಹೋಗಿದ್ದೆ? ಯಾವ್ ಪೊದೇಲ್ ಮಡ್ಗಿದೀಯ, ಬೊಗಳು!" ಐದು ನಿಮಿಷ ಅಲ್ಲ, ಎರಡು ರಾತ್ರಿ. ಅವರಪ್ಪ ಯಾವ ಚೀಟಿಯನ್ನೂ ಬರೆದು ಕಳಿಸಿರಲಿಲ್ಲ. ಚೀಟಿ ಬರೆಯೋ ಅಕ್ಷರವೂ ಆ ಮುದುಕನಿಗೆ ಬರ್ತಿರಲಿಲ್ಲ. ವಾರ ಕಳೆದ ಮೇಲೆ ಚೀಲ ಟೆಂಟಿನವರ ಮನೆಯಲ್ಲೇ ಸಿಕ್ಕಿತಂತೆ. ಯಾರೂ ಬಂದು ಹೇಳಲಿಲ್ಲ.

ಇರಲಿ. ಹಿಚ್‌ಕಾಕ್ ವಿಚಾರಕ್ಕೆ ಬರೋಣ.

ಅವನಿಗೆ ಹದಿನೈದು ವರ್ಷ ಆದಾಗ ಅಪ್ಪ ತೀರಿಕೊಂಡ. ಹುಡುಗ ಹೆನ್ಲಿ ಅನ್ನೋ ಟೆಲಿಗ್ರಾಫ್ ಕೇಬಲ್ ಕಂಪನಿಯಲ್ಲಿ ಗುಮಾಸ್ತನಾದ. ಸಂಜೆ ಹೊತ್ತು ಚಿತ್ರಕಲೆ ಕಲಿತ, ಕಂಪನಿಯ ಜಾಹೀರಾತು ವಿಭಾಗಕ್ಕೆ ಸೇರಿದ. ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿ ಅಮೆರಿಕದವರು ಒಂದು ಸ್ಟುಡಿಯೊ ತೆರೆದಾಗ ಒಂದಷ್ಟು ಬರಹದ ಕಾರ್ಡುಗಳನ್ನ ಬರೆದುಕೊಂಡು ಹೋಗಿ ತೋರಿಸಿದ. ಮೂಕಿ ಚಿತ್ರಗಳ ನಡುನಡುವೆ ಮಾತನ್ನ ಬರೆದು ತೋರಿಸ್ತಿದ್ರಲ್ಲ, ಆ ಕಾರ್ಡು. 1921ರ ಹೊತ್ತಿಗೆ ಅದೇ ಅವನ ಪೂರಾ ಕೆಲಸವಾಯಿತು. ಅಲ್ಲೇ ಸಂಕಲನದ ಕೆಲಸ ಮಾಡ್ತಿದ್ದವಳು ಆಲ್ಮಾ ರೆವಿಲ್. ಅವನಿಗಿಂತ ಒಂದೇ ದಿನ ಚಿಕ್ಕವಳು, ಕಸುಬಿನಲ್ಲಿ ಹಿರಿಯಳು. 1926ರ ಡಿಸೆಂಬರಿನಲ್ಲಿ ಮದುವೆಯಾದರು. ಅವನ ಚಿತ್ರಗಳನ್ನ ತಿದ್ದಿ ತೀಡಿದ ಕೈ ಅವಳದ್ದು. ಹೆಸರು ಮಾತ್ರ ಅವನದ್ದು. ಇಂಥದ್ದು ಇಂಗ್ಲೆಂಡಿನಲ್ಲೇ ಆಗಬೇಕು ಅಂತೇನಿಲ್ಲ ಬಿಡಿ.

1922ರಲ್ಲಿ ಅವನು ನಿರ್ದೇಶಿಸೋಕೆ ಹೊರಟ ಮೊದಲ ಚಿತ್ರ ದುಡ್ಡು ಸಾಲದೆ ಅರ್ಧಕ್ಕೇ ನಿಂತಿತು. 1924ರಲ್ಲಿ ಬೇರೆಯವರ ಚಿತ್ರಕ್ಕೆ ಸಹಾಯಕನಾಗಿ ಜರ್ಮನಿಗೆ ಹೋದ. ಬರ್ಲಿನ್ ಪಕ್ಕದ ಸ್ಟುಡಿಯೊದಲ್ಲಿ ಮುರ್ನೌ ಅನ್ನೋ ಮಹಾ ನಿರ್ದೇಶಕ ಕೆಲಸ ಮಾಡ್ತಿದ್ದ. ಒಬ್ಬ ಹೋಟೆಲಿನ ಬಾಗಿಲು ಕಾಯೋ ಮುದುಕನ ಸಮವಸ್ತ್ರ ಕಿತ್ತುಕೊಂಡು ಅವನನ್ನ ಕಕ್ಕಸಿನ ಕೆಲಸಕ್ಕೆ ಹಾಕ್ತಾರೆ, ಆ ಕತೆ. ಹೆಚ್ಚುಕಮ್ಮಿ ಒಂದು ಬರಹದ ಕಾರ್ಡೂ ಇಲ್ಲದೆ ಅದನ್ನ ತೆಗೀತಿದ್ದ. ಕಾರ್ಡು ಬರೆದು ಹೊಟ್ಟೆ ಹೊರೆದ ಹುಡುಗ ನಿಂತು ನೋಡಿದ. ಸೆಟ್ಟಿನಲ್ಲಿ ಏನಿದೆ ಅನ್ನೋದು ಮುಖ್ಯವಲ್ಲ, ಪರದೆಯ ಮೇಲೆ ಏನು ಕಾಣುತ್ತೆ ಅನ್ನೋದೇ ಮುಖ್ಯ ಅಂತ ಕಲಿತದ್ದು ಅಲ್ಲಿ. ಮರುವರ್ಷ ಮ್ಯೂನಿಕ್ಕಿನವರ ಜೊತೆ ಸೇರಿ 'ದಿ ಪ್ಲೆಷರ್ ಗಾರ್ಡನ್' ತೆಗೆದ. ಅದು ಅವನು ಪೂರ್ತಿ ಮುಗಿಸಿದ ಮೊದಲ ಚಿತ್ರ. ಎರಡನೆಯದು 'ದಿ ಮೌಂಟನ್ ಈಗಲ್', ಅದರ ಪ್ರಿಂಟು ಈಗ ಎಲ್ಲೂ ಇಲ್ಲ.

ಮೂರನೆಯದು 'ದಿ ಲಾಡ್ಜರ್'. ಅವನು ಅವನಾದದ್ದು ಅಲ್ಲಿಂದ. ಲಂಡನ್ನಿನ ಮಂಜಿನಲ್ಲಿ ಹೊಂಬಣ್ಣದ ಕೂದಲಿನ ಹುಡುಗಿಯರ ಸರಣಿ ಕೊಲೆ. ಒಂದು ಸಾಧಾರಣ ಮನೆಯ ಮಹಡಿಗೆ ಬಾಡಿಗೆಗೆ ಬಂದ ಅಪರಿಚಿತ. ಮೇಲೆ ಅವನು ಶತಪಥ ತುಳೀತಾನೆ. ಕೆಳಗೆ ಮನೆಯವರು ತಲೆ ಎತ್ತಿ ನೋಡ್ತಾರೆ, ತೂಗುದೀಪ ಅಲುಗುತ್ತೆ. ಆಮೇಲೆ ಮಹಡಿಯೇ ಕರಗಿದ ಹಾಗಾಗಿ ಅವನ ಅಂಗಾಲು ಕಾಣಿಸುತ್ತೆ. ದಪ್ಪ ಗಾಜಿನ ನೆಲ ಹಾಕಿಸಿ, ನಟನನ್ನ ಅದರ ಮೇಲೆ ನಡೆಸಿ, ಕೆಳಗಿನಿಂದ ತೆಗೆದದ್ದು. ಮೂಕಿ ಚಿತ್ರದಲ್ಲಿ ಹೆಜ್ಜೆ ಸದ್ದನ್ನ ಕಣ್ಣಿಗೆ ಕಾಣಿಸಿಬಿಟ್ಟ! ಪತ್ರಿಕಾ ಕಚೇರಿಯ ದೃಶ್ಯಕ್ಕೆ ಜನ ಸಾಲದೆ ತಾನೇ ಕ್ಯಾಮರಾಕ್ಕೆ ಬೆನ್ನು ಹಾಕಿ ಕೂತ. ತನ್ನ ಚಿತ್ರಗಳಲ್ಲಿ ಒಂದು ಗಳಿಗೆ ಮುಖ ತೋರಿಸಿ ಹೋಗೋ ಅವನ ಚಾಳಿ ಶುರುವಾದದ್ದು ಹಾಗೆ.

ಹಂಚಿಕೆದಾರರು ಚಿತ್ರ ನೋಡಿ, ಇದು ಓಡಲ್ಲ ಅಂತ ಕಪಾಟಿಗೆ ಹಾಕಿದರು. ಕಾಪಾಡೋಕೆ ಬಂದವನು ಐವರ್ ಮೊಂಟಾಗು. ಬ್ಯಾಂಕಿನ ಸಾಹುಕಾರನ ಮಗನಾಗಿದ್ದೂ ಕಮ್ಯುನಿಸ್ಟ್ ಆದವನು. 1925ರಲ್ಲಿ ಲಂಡನ್ನಿನ ಫಿಲಂ ಸೊಸೈಟಿ ಕಟ್ಟಿದವರಲ್ಲಿ ಒಬ್ಬ. ಅವನು ಬರಹದ ಕಾರ್ಡುಗಳನ್ನ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಕಿತ್ತು ಹಾಕಿಸಿದ. ಚಿತ್ರ 1927ರಲ್ಲಿ ಬಿಡುಗಡೆಯಾಗಿ ಓಡಿತು.

'ಲಾಡ್ಜರ್'ನ ಕೊನೆ ನೆನೆದರೆ ಈಗಲೂ ಮೈ ಜುಂ ಅನ್ನುತ್ತೆ. ಕೈಗೆ ಬೇಡಿ ಬಿದ್ದ ಆ ಬಾಡಿಗೆದಾರ ಓಡ್ತಾನೆ. ಕುಡಿಯೋ ಅಂಗಡಿಯಿಂದ ಎದ್ದ ಗುಂಪು ಅಟ್ಟಿಸಿಕೊಂಡು ಬರುತ್ತೆ. ಕಬ್ಬಿಣದ ಬೇಲಿ ಹಾರುವಾಗ ಬೇಡಿ ಸಿಕ್ಕಿಹಾಕಿಕೊಂಡು ಅವನು ಶಿಲುಬೆಗೆ ಹಾಕಿದ ಹಾಗೆ ನೇತಾಡ್ತಾನೆ. ಗುಂಪು ಬಡಿಯುತ್ತೆ. ಅಷ್ಟರಲ್ಲಿ ನಿಜವಾದ ಕೊಲೆಗಾರ ಸಿಕ್ಕಿಬಿದ್ದ ಸುದ್ದಿ ಬರುತ್ತೆ. ಆ ಮನುಷ್ಯ ನಿಜಕ್ಕೂ ನಿರಪರಾಧಿಯೋ ಅಲ್ಲವೋ ಅನ್ನೋದನ್ನ ಹೇಳದೆ ಬಿಡಬೇಕು ಅಂತ ಹಿಚ್‌ಕಾಕ್‌ಗೆ ಇತ್ತಂತೆ. ಆದರೆ ಆ ಪಾತ್ರ ಮಾಡಿದ ಐವರ್ ನೊವೆಲ್ಲೊ ಆಗ ದೊಡ್ಡ ಸ್ಟಾರು, ಹೆಣ್ಣುಮಕ್ಕಳ ಕಣ್ಮಣಿ. ಅವನು ಕೊಲೆಗಾರ ಆಗೋ ಹಾಗಿಲ್ಲ. ಹಾಗಾಗಿ ಅವನು ನಿರಪರಾಧಿ, ಜೊತೆಗೆ ಶ್ರೀಮಂತ, ದೊಡ್ಡ ಬಂಗಲೆಯ ಒಡೆಯ. ಬೇಲಿಗೆ ನೇತುಬಿದ್ದವನು ಸ್ಟಾರ್ ಆಗಿರದೆ ಹೋಗಿದ್ದರೆ ಆ ಸುದ್ದಿಯ ಪತ್ರಿಕೆ ಸಮಯಕ್ಕೆ ಬರ್ತಿತ್ತಾ ಅಂತ ಸೊಸೈಟಿಯ ಚರ್ಚೆಯಲ್ಲಿ ಕೇಳಿದ್ವಿ. ನೀವು ಎಲ್ಲದರಲ್ಲೂ ಅದನ್ನೇ ತರ್ತೀರಿ ಕಣ್ರೀ ಅಂದರು. ತಂದದ್ದು ನಾವಲ್ಲ, ಅದು ಅಲ್ಲೇ ಇತ್ತು.

1929ರ 'ಬ್ಲ್ಯಾಕ್‌ಮೇಲ್' ಅದಕ್ಕೆ ಉತ್ತರ ಕೊಟ್ಟ ಹಾಗಿದೆ. ಮೂಕಿಯಾಗಿ ಶುರುವಾದ ಚಿತ್ರ ನಡುವೆ ಟಾಕಿಯಾಯಿತು. ನಾಯಕಿ ಆನಿ ಒಂಡ್ರಾಳ ಇಂಗ್ಲಿಷಿನಲ್ಲಿ ಜೆಕ್ ಭಾಷೆಯ ಸೊಗಡು. ಅದಕ್ಕೇ ಇನ್ನೊಬ್ಬ ನಟಿ ಕ್ಯಾಮರಾಕ್ಕೆ ಕಾಣದ ಹಾಗೆ ನಿಂತು ಮಾತಾಡ್ತಿದ್ದಳು, ಇವಳು ತುಟಿ ಆಡಿಸ್ತಿದ್ದಳು. ಮೈಮೇಲೆ ಬಿದ್ದ ಒಬ್ಬ ಕಲಾವಿದನನ್ನ ಬ್ರೆಡ್ಡು ಕುಯ್ಯೋ ಚಾಕುವಿನಿಂದ ಆಲಿಸ್ ಅನ್ನೋ ಅಂಗಡಿಯವನ ಮಗಳು ಕೊಂದುಬಿಡ್ತಾಳೆ. ಮಾರನೇ ಬೆಳಿಗ್ಗೆ ಮನೆಗೆ ಬಂದ ನೆರೆಮನೆಯವಳು ಕೊಲೆಯ ಬಗ್ಗೆ ವಟಗುಟ್ತಾಳೆ. ಆ ಮಾತೆಲ್ಲ ಕಲಸಿ ಹೋಗಿ 'ಚಾಕು' ಅನ್ನೋ ಒಂದೇ ಶಬ್ದ ಆಲಿಸಳ ಕಿವಿಗೆ ಇರೀತದೆ. ಟಾಕಿ ಬಂದ ಹೊಸದರಲ್ಲಿ ಎಲ್ಲರೂ ಮಾತನ್ನ ಕೇಳಿಸೋದರಲ್ಲೇ ಮೈಮರೆತಿದ್ದಾಗ ಇವನು ಮಾತನ್ನ ಕೇಳಿಸದ ಹಾಗೆ ಮಾಡಿದ.

ಆದರೆ ನಮ್ಮನ್ನ ನಿದ್ದೆಗೆಡಿಸಿದ್ದು ಮುಂದಿನ ಭಾಗ. ಆಲಿಸಳ ಪ್ರಿಯಕರ ಪೊಲೀಸ್ ಪತ್ತೇದಾರ. ಅವಳ ಕೈಗವಸು ಕೊಲೆಯ ಜಾಗದಲ್ಲಿ ಸಿಕ್ಕಿದ್ದನ್ನ ಜೇಬಿಗೆ ಹಾಕಿಕೊಂಡಿದ್ದಾನೆ. ಇದನ್ನ ತಿಳಿದ ಒಬ್ಬ ದರಿದ್ರ ಬ್ಲ್ಯಾಕ್‌ಮೇಲ್ ಮಾಡೋಕೆ ಬರ್ತಾನೆ. ಸಜ್ಜನನೇನಲ್ಲ, ಹಳೇ ಕೈದಿ. ಹಳೇ ಕೈದಿ ಅಂದ ಮೇಲೆ ಪೊಲೀಸರಿಗೆ ಇನ್ನೇನು ಬೇಕು? ಅವನೇ ಕೊಲೆಗಾರ ಅಂತ ಅಟ್ಟಿಸಿಕೊಂಡು ಹೋಗ್ತಾರೆ. ಅವನು ಬ್ರಿಟಿಷ್ ಮ್ಯೂಸಿಯಮ್ಮಿನ ಗೋಪುರ ಹತ್ತಿ, ಗಾಜು ಒಡೆದು ಒಳಗೆ ಬಿದ್ದು ಸಾಯ್ತಾನೆ. ಅತ್ತ ಆಲಿಸ್ ನಿಜ ಹೇಳಿಬಿಡೋಣ ಅಂತ ಪೊಲೀಸ್ ಕಚೇರಿಗೆ ಬಂದು ದೊಡ್ಡ ಸಾಹೇಬನ ಎದುರು ಬಾಯಿ ತೆರೆಯೋ ಹೊತ್ತಿಗೆ ಫೋನು ಹೊಡ್ಕೊಳ್ಳುತ್ತೆ. ಮಾತು ಅಲ್ಲಿಗೇ ನಿಲ್ಲುತ್ತೆ. ಆಮೇಲೆ ಅವಳು ಹೇಳೋದೇ ಇಲ್ಲ.

ಗೆಳೆಯರೇ, ಆ ಮಳೆಯ ರಾತ್ರಿ ರೀಲು ತಡವಾದದ್ದು ಯಾಕೆ ಅಂತ ನಮಗೆ ಗೊತ್ತಿತ್ತು. ಕೆರೆ ಏರಿಯ ಮೇಲೆ ಸೈಕಲ್ ಪಂಕ್ಚರ್ ಆಗಿತ್ತು. ಮಳೆ ಅಂತ ಆವತ್ತು ಮೂವರೂ ಒಟ್ಟಿಗೆ ಹೊರಟಿದ್ವಿ. ರೀಲು ನೆನೆಯಬಾರದು ಅಂತ ಡಬ್ಬದ ಮೇಲೆ ಅವನು ತನ್ನ ಅಂಗಿ ಬಿಚ್ಚಿ ಹೊದಿಸಿದ್ದ. ಸೈಕಲ್ ತಳ್ಳಿಕೊಂಡು ಹೋದದ್ದು ಮೂವರೂ. ಅವನು ದುಡ್ಡಿನ ಚೀಲದ ಹತ್ತಿರ ಹೋಗಿರಲೇ ಇಲ್ಲ ಅಂತ ಹೇಳಬಹುದಾಗಿದ್ದವರು ಈ ಭೂಮಿಯ ಮೇಲೆ ಇಬ್ಬರೇ. ಠಾಣೆಯ ಎದುರಿನ ಹುಣಸೆಮರದ ಕೆಳಗೆ ಆ ಇಬ್ಬರು ಎರಡು ದಿನ ಕೂತಿದ್ವಿ. ಒಳಗೆ ಹೋಗಲಿಲ್ಲ. ಹೋದರೆ ನಮ್ಮನ್ನೂ ಕೂರಿಸ್ತಾರೆ ಅಂತ ಮನೆಯವರು ಹೆದರಿಸಿದ್ದರು ನಿಜ. ಅದು ನೆಪವೂ ಆಗಿತ್ತು. ನಮಗೆ ಯಾವ ಫೋನೂ ಅಡ್ಡ ಬಂದಿರಲಿಲ್ಲ.

ಅಲ್ಲಿಂದಾಚೆಗೆ ಈ ತರಕಾರಿ ಅಂಗಡಿಯವನ ಮಗ ತೆಗೆದ ಚಿತ್ರಗಳನ್ನ ಹುಡುಕಿ ನೋಡೋದು ನಮಗೆ ಒಂಥರಾ ಗಾಯ ಕೆರೆದುಕೊಳ್ಳೋ ಚಟವಾಯಿತು. 1935ರ 'ದಿ ಥರ್ಟಿನೈನ್ ಸ್ಟೆಪ್ಸ್'ನಲ್ಲಿ ಓಡ್ತಿರೋ ನಾಯಕನಿಗೆ ಸ್ಕಾಟ್‌ಲೆಂಡಿನ ಬಡ ಒಕ್ಕಲಿನ ಹೆಂಡತಿಯೊಬ್ಬಳು ಗಂಡನ ಕೋಟು ಕೊಟ್ಟು ಹಿಂಬಾಗಿಲಿಂದ ಕಳಿಸ್ತಾಳೆ. ಕೋಟಿನ ಜೇಬಿನಲ್ಲಿದ್ದ ಸ್ತೋತ್ರದ ಪುಸ್ತಕ ಗುಂಡು ತಡೆದು ನಾಯಕ ಉಳೀತಾನೆ. ಅವಳಿಗೆ ಗಂಡನ ಏಟು. ಚಿತ್ರ ಮುಂದಕ್ಕೆ ಓಡುತ್ತೆ, ಅವಳನ್ನ ಮತ್ತೆ ತೋರಿಸೋದೇ ಇಲ್ಲ. ಅದೇ ಚಿತ್ರದ ಕೊನೆಯಲ್ಲಿ ಮಿಸ್ಟರ್ ಮೆಮೊರಿ ಅಂತ ಒಬ್ಬ ಬರ್ತಾನೆ. ನಾಟಕಶಾಲೆಯಲ್ಲಿ ಜನ ಕೇಳಿದ್ದಕ್ಕೆಲ್ಲ ನೆನಪಿನಿಂದ ಉತ್ತರ ಹೇಳಿ ಹೊಟ್ಟೆ ಹೊರೆಯೋವನು. ಗೂಢಚಾರರ ಗುಟ್ಟೂ ಅವನ ತಲೆಯಲ್ಲಿದೆ. ತುಂಬಿದ ಸಭೆಯಲ್ಲಿ ನಾಯಕ ಎದ್ದು ಆ ಪ್ರಶ್ನೆ ಕೇಳಿಬಿಡ್ತಾನೆ. ಹೇಳಿದರೆ ಸಾವು. ಗೊತ್ತಿದ್ದದ್ದನ್ನ ಹೇಳದೆ ಇರೋದು ಅವನ ಕಸುಬಿಗೆ ಒಗ್ಗಲ್ಲ. ಹೇಳ್ತಾನೆ, ಗುಂಡು ತಿಂತಾನೆ. ವಿಮರ್ಶಕರು ಆ ಗುಟ್ಟಿಗೆ ಬೆಲೆಯಿಲ್ಲ, ಅದು ಕತೆ ಓಡಿಸೋಕೆ ಒಂದು ನೆವ ಅಷ್ಟೇ ಅಂತಾರೆ. ಹಿಚ್‌ಕಾಕ್ ಅದಕ್ಕೆ ಮ್ಯಾಕ್‌ಗಫಿನ್ ಅಂತ ಹೆಸರನ್ನೂ ಇಟ್ಟಿದ್ದ. ಗುಟ್ಟು ಹೋಗಲಿ, ಹೇಳಿದ ಮನುಷ್ಯ ನೆವ ಅಲ್ಲವಲ್ಲ.

ಹಾಗಂತ ಇವನನ್ನ ತಲೆ ಮೇಲೆ ಹೊತ್ತು ಕುಣಿಯೋಕೂ ಆಗಲ್ಲ. 1930ರ 'ಮರ್ಡರ್!' ನೋಡಿ. ಕೊಲೆಗಾರನ ಗುಟ್ಟು ಏನು? ಅವನು 'ಹಾಫ್ ಕಾಸ್ಟ್', ಬೆರಕೆ ರಕ್ತದವನು. ಅದನ್ನ ಬಾಯಿಬಿಡಲು ಹೊರಟವಳನ್ನ ಕೊಲ್ತಾನೆ. ಕೊನೆಗೆ ಸರ್ಕಸ್ಸಿನಲ್ಲಿ ಎಲ್ಲರ ಎದುರಿಗೇ, ಮೇಲಿನ ಹಗ್ಗಕ್ಕೆ ನೇಣು ಹಾಕಿಕೊಳ್ತಾನೆ. ಕತೆ ಕಾದಂಬರಿಯದ್ದು, ನಿಜ. ಆದರೆ ಪೋರ್ಚುಗೀಸರಿಂದ ಕಲಿತು ನಮ್ಮ ಜಾತಿಗೆ ಅಂಟಿಸಿದ ಆ 'ಕಾಸ್ಟ್' ಅನ್ನೋ ಶಬ್ದ, ಇಂಗ್ಲಿಷರ ಕತೆಯೊಳಗೂ ನುಗ್ಗಿ ಒಬ್ಬನ ಕುತ್ತಿಗೆಗೆ ಬಿಗಿದದ್ದು ನೋಡಿ ಗಂಟಲು ಒಣಗಿತು. ರಕ್ತ ಯಾವುದು ಅಂತ ಗೊತ್ತಾದರೆ ಬದುಕೇ ಮುಗೀತು ಅನ್ನೋ ಭಯ ಅವನಿಗೆ ಎಲ್ಲಿಂದ ಬಂತು? ಪೇಟೆಯಲ್ಲಿ ರೂಮು ಹಿಡಿಯುವಾಗ ಊರು ಯಾವುದು, ಊರಲ್ಲಿ ಮನೆ ಯಾವ ಕಡೆ ಅಂತ ಕೇಳಿಸಿಕೊಂಡ ಎಲ್ಲರಿಗೂ ಅದು ಗೊತ್ತು. ನಿರಪರಾಧಿಯ ಭಯವನ್ನ ಅಷ್ಟು ಬಲ್ಲ ನಿರ್ದೇಶಕ ಈ ಭಯದೊಳಕ್ಕೆ ಇಳಿಯಲಿಲ್ಲ. ಅದನ್ನ ಒಗಟಿನ ಉತ್ತರವಾಗಿ ಬಳಸಿ ಮುಗಿಸಿದ.

1937ರ 'ಯಂಗ್ ಅಂಡ್ ಇನ್ನೊಸೆಂಟ್' ಇನ್ನೂ ತೊಡಕಿನದು. ಅದರಲ್ಲಿ ಒಂದು ಹೆಸರಾಂತ ಶಾಟ್ ಇದೆ. ಹೋಟೆಲಿನ ದೊಡ್ಡ ಹಜಾರದ ಮೇಲಿನಿಂದ ಹೊರಟ ಕ್ಯಾಮರಾ ಕುಣಿಯೋ ಜನರ ತಲೆ ಮೇಲೆ ತೇಲಿ, ವಾದ್ಯಗಾರರ ಕಡೆ ಇಳಿದು, ಡ್ರಮ್ ಬಾರಿಸೋವನ ಮುಖಕ್ಕೆ, ಕೊನೆಗೆ ಅವನ ಕಣ್ಣಿಗೇ ಬಂದು ನಿಲ್ಲುತ್ತೆ. ಒಂದೇ ಏಟಿಗೆ, ಎಲ್ಲೂ ಕತ್ತರಿಸದೆ. ಕಣ್ಣು ಪಟಪಟ ಬಡಿದುಕೊಳ್ಳುತ್ತೆ, ಅವನೇ ಕೊಲೆಗಾರ. ಹಜಾರದಲ್ಲಿರೋ ಯಾರಿಗೂ ಗೊತ್ತಿಲ್ಲ, ನಮಗೆ ಮಾತ್ರ ಗೊತ್ತು. ಬಾಂಬು ಮೇಜಿನ ಕೆಳಗಿದೆ! ಸೊಸೈಟಿಯ ಗೆಳೆಯರು ಆ ಕ್ರೇನನ್ನ ವರ್ಣಿಸಿದ್ದೇ ವರ್ಣಿಸಿದ್ದು. ನಮ್ಮ ಕಣ್ಣು ನೆಟ್ಟದ್ದು ಬೇರೆ ಕಡೆ. ಆ ವಾದ್ಯಗಾರರೆಲ್ಲ ಬಿಳಿಯರು, ಮುಖಕ್ಕೆ ಮಸಿ ಬಳಿದುಕೊಂಡು ಕರಿಯರ ವೇಷ ಹಾಕಿದ್ದಾರೆ. ಆಗ ಅಲ್ಲಿ ಅದೊಂದು ಮೋಜು. ಕೊಲೆಗಾರ ಅಡಗಿಕೊಳ್ಳೋಕೆ ಕಪ್ಪು ಬಣ್ಣವೇ ಬೇಕಾಯ್ತಾ ಅಂತ ಮೊದಲು ಸಿಟ್ಟು ಬಂತು. ಎರಡನೇ ಸಲ ನೋಡಿದಾಗ ಇನ್ನೊಂದು ಹೊಳೀತು. ಅಡಗಿಕೊಳ್ಳೋಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ, ಯಾಕಂದ್ರೆ ಆ ಹಜಾರದಲ್ಲಿ ಕುಣಿಯೋ ಯಾರೂ ಆ ಮುಖಗಳನ್ನ ನೋಡಲ್ಲ. ಇದು ಹಿಚ್‌ಕಾಕ್‌ಗೆ ಗೊತ್ತಿದ್ದು ಮಾಡಿದನೋ, ಗೊತ್ತಿಲ್ಲದೆ ಆಯಿತೋ, ನಮ್ಮಲ್ಲೇ ಇನ್ನೂ ಜಗಳ ಇದೆ.

ಕೊನೆಗೆ ಉಳಿದದ್ದು 1936ರ 'ಸ್ಯಾಬೊಟಾಜ್'. ಕಾನ್ರಾಡನ ಕಾದಂಬರಿಯಿಂದ ತೆಗೆದದ್ದು. ಇದರಲ್ಲಿ ಬಾಂಬು ಇಡೋವನು ಒಂದು ಚಿಕ್ಕ ಸಿನಿಮಾ ಟಾಕೀಸಿನ ಮಾಲೀಕ. ಪೊಲೀಸರ ಕಣ್ಣು ತನ್ನ ಮೇಲಿರೋದರಿಂದ ಹೆಂಡತಿಯ ತಮ್ಮ, ಸ್ಟೀವಿ ಅನ್ನೋ ಹುಡುಗನ ಕೈಗೆ ಪೊಟ್ಟಣ ಕೊಟ್ಟು ಕಳಿಸ್ತಾನೆ. ಜೊತೆಗೆ ಎರಡು ರೀಲಿನ ಡಬ್ಬ. ಸಿಡಿಯೋದು ಒಂದು ಮುಕ್ಕಾಲಿಗೆ. ನಮಗೆ ಗೊತ್ತು, ಹುಡುಗನಿಗೆ ಗೊತ್ತಿಲ್ಲ. ದಾರಿಯಲ್ಲಿ ಹಲ್ಲಿನ ಪೇಸ್ಟು ಮಾರೋವನು ಹಿಡಿದು ನಿಲ್ಲಿಸಿ ಅವನ ಹಲ್ಲು ಉಜ್ಜಿ ತೋರಿಸ್ತಾನೆ. ಮೆರವಣಿಗೆ ಅಡ್ಡ ಬರುತ್ತೆ. ಆಗಿನ ರೀಲು ಬೇಗ ಬೆಂಕಿ ಹತ್ತೋ ಮಾಲು, ಬಸ್ಸಿಗೆ ಹತ್ತಿಸೋ ಹಾಗಿರಲಿಲ್ಲ. ಹುಡುಗನ ಮುಖ ನೋಡಿ ಕಂಡಕ್ಟರ್ ಹೋಗಲಿ ಅಂತ ಹತ್ತಿಸಿಕೊಳ್ತಾನೆ. ಗಡಿಯಾರ, ಪೊಟ್ಟಣ, ಟ್ರಾಫಿಕ್ಕು. ಪಕ್ಕದ ಸೀಟಿನ ನಾಯಿಮರಿ ಜೊತೆ ಹುಡುಗ ಆಡ್ತಾನೆ. ಸಿಡಿಯುತ್ತೆ. ಹುಡುಗ, ನಾಯಿಮರಿ, ಬಸ್ಸು ಎಲ್ಲ. ಜನ ರೇಗಿದರು. ಹಾಗೆ ಸಿಡಿಸಿದ್ದು ತನ್ನ ತಪ್ಪು ಅಂತ ಹಿಚ್‌ಕಾಕ್ ಆಮೇಲೆ ಒಪ್ಪಿಕೊಂಡ. ಅಷ್ಟು ಹೊತ್ತು ಕಾಯಿಸಿದ ಮೇಲೆ ಉಳಿಸಬೇಕಿತ್ತು ಅನ್ನೋದು ಅವನ ಲೆಕ್ಕ. ನಮ್ಮ ಲೆಕ್ಕದಲ್ಲಿ ಅವನು ತೆಗೆದ ಅತ್ಯಂತ ನಿಜವಾದ ಹತ್ತು ನಿಮಿಷ ಅದೇ. ಪೊಟ್ಟಣ ಕಟ್ಟೋರು ಒಬ್ಬರು, ಹೊರೋರು ಇನ್ನೊಬ್ಬರು.

ಆ ಗೆಳೆಯ ಈಗಲೂ ಊರಿನಲ್ಲೇ ಇದ್ದಾನೆ. ಟೆಂಟು ಹೋಗಿ ಆ ಜಾಗದಲ್ಲಿ ಅಕ್ಕಿ ಗಿರಣಿ ಬಂದಿದೆ. ಠಾಣೆಯಿಂದ ಬಂದ ಮೇಲೆ ಅವನು ಸಿನಿಮಾ ನೋಡಿದವನಲ್ಲ. ಹೋದ ವರ್ಷ ಹಬ್ಬಕ್ಕೆ ಹೋದಾಗ ಮಗನ ಫೋನಿನಲ್ಲಿ ಆ ಬಸ್ಸಿನ ಭಾಗವನ್ನ ಹಾಕಿ ತೋರಿಸಿದ್ವಿ. ಇಂಗ್ಲಿಷ್ ಬರದಿದ್ದರೂ ಕಣ್ಣು ಕೀಳದೆ ನೋಡಿದ. ಸಿಡಿದ ಮೇಲೆ ತುಂಬಾ ಹೊತ್ತು ಸುಮ್ಮನಿದ್ದು,

"ಡಬ್ಬ ಸಿಕ್ತಾ?" ಅಂದ.

ಸಿಕ್ಕಿತು, ಸುಟ್ಟ ಡಬ್ಬದ ಗುರುತಿನಿಂದಲೇ ಪತ್ತೆಯಾಯಿತು ಅಂದ್ವಿ.

"ಅಲ್ಲಾ, ಆ ಹುಡ್ಗನ್ ಕೈಲಿ ಏನೈತೆ ಅಂತ ಅಷ್ಟ್ ಜನದಾಗೆ ಯಾರ್ಗೂ ಗೊತ್ತಿರ್ನಿಲ್ವಾ?"

"ಬಸ್ಸಲ್ಲಿದ್ದವರಿಗೆ ಗೊತ್ತಿರಲಿಲ್ಲ ಕಣಪ್ಪ. ನೋಡ್ತಾ ಕೂತೋರಿಗೆ ಗೊತ್ತಿತ್ತು."

ಅವನು ನಮ್ಮ ಮುಖ ನೋಡಿದ. ಆಮೇಲೆ ಫೋನನ್ನ ಮಗನ ಕೈಗೆ ಕೊಟ್ಟು, "ಕೂತ್ಕಳಿ, ಟೀ ಕಾಯ್ಸಕ್ ಹೇಳ್ತೀನಿ" ಅಂತ ಒಳಗೆ ಹೋದ.